ತವರದ ತವರು

ಮಕ್ಕಳೇ, ಅಡುಗೆಮನೆಯ ಕಟ್ಟೆಗೋ ಮನೆಯ ಮೆಟ್ಟಿಲಿಗೋ ಹಾಸಿದ ಗ್ರಾನೈಟ್ ಕಲ್ಲನ್ನು ಎಂದಾದರೂ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದ್ದೀರಾ? ಪೂರ್ತಿ ಕಪ್ಪಗಿರುವುದು ಬೇಡ, ಚುಕ್ಕೆ ಚುಕ್ಕೆ ಇರುವ ಕಲ್ಲನ್ನೇ ಹುಡುಕಿ. ಅದರಲ್ಲಿ ಗಾಜಿನ ಚೂರಿನಂತೆ ಬೂದುಬಣ್ಣಕ್ಕಿರುವ ಕಣ ಬೆಣಚು. ಹಾಲಿನಂತೆ ಬಿಳಿಯದು, ಇಲ್ಲವೇ ತೆಳು ಗುಲಾಬಿಯದು ಫೆಲ್ಡ್‌ಸ್ಪಾರ್. ಕಪ್ಪಗೆ ಮಿಣಮಿಣ ಎನ್ನುವುದು ಅಭ್ರಕ, ನಮ್ಮ ಅಜ್ಜಿಯರು ಕಾಗೆಬಂಗಾರ ಎನ್ನುತ್ತಿದ್ದರಲ್ಲ, ಅದೇ. ಈ ಹರಳುಗಳೆಲ್ಲ ಒಂದಕ್ಕೊಂದು ಹಲ್ಲು ಕಚ್ಚಿ ಕೂತರೆ ಗ್ರಾನೈಟ್.

ನಾವು ಇವತ್ತು ಹೋಗುವ ಸೀಮೆಯ ಹಣೆಬರಹ ಬರೆದದ್ದು ಈ ಕಲ್ಲೇ.

ಇಂಗ್ಲೆಂಡಿನ ನಕ್ಷೆಯನ್ನು ಮುಂದೆ ಹರಡಿಕೊಳ್ಳಿ. ಎಡಗಡೆ ಕೆಳಮೂಲೆಯಲ್ಲಿ ನೆಲ ಕಾಲು ನೀಡಿ ಅಟ್ಲಾಂಟಿಕ್ ಸಾಗರಕ್ಕೆ ಹೆಬ್ಬೆರಳು ಅದ್ದಿದ ಹಾಗೆ ಕಾಣುತ್ತದೆ. ಅದು ಕಾರ್ನ್‌ವಾಲ್. ಇಂಗ್ಲೆಂಡಿನಲ್ಲಿ ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥದು. ಕಾರ್ನ್‌ವಾಲ್ ಕೌಂಟಿಯ ವಿಸ್ತಾರ ಸುಮಾರು 3,500 ಚದರ ಕಿಲೋಮೀಟರ್, ನಮ್ಮ ಕೋಲಾರ ಜಿಲ್ಲೆಗಿಂತ ತುಸು ಚಿಕ್ಕದು. (ಕೋಲಾರದ ಹೆಸರನ್ನು ಸುಮ್ಮನೆ ಎತ್ತಲಿಲ್ಲ, ಕೊನೆಯಲ್ಲಿ ಮತ್ತೆ ಬರುತ್ತದೆ.) ಜನಸಂಖ್ಯೆ ಆರು ಲಕ್ಷಕ್ಕೂ ಕಡಿಮೆ. ಮೂರು ಕಡೆ ಕಡಲು. ನಾಲ್ಕನೆಯ ಕಡೆ ಟೇಮರ್ ಎಂಬ ನದಿ. ಈ ನದಿ ಉತ್ತರದ ಕಡಲಿಗೆ ಕೆಲವೇ ಕಿಲೋಮೀಟರ್ ಹತ್ತಿರ ಹುಟ್ಟಿಯೂ ಆ ಕಡಲಿಗೆ ಬೆನ್ನು ತಿರುಗಿಸಿ, ಅಡ್ಡಕ್ಕೆ ಹರಿದು ದಕ್ಷಿಣದ ಕಡಲನ್ನು ಸೇರುತ್ತದೆ. ಹಾಗಾಗಿ ಕಾರ್ನ್‌ವಾಲ್ ಇನ್ನೇನು ದ್ವೀಪವೇ ಆಗಿಬಿಡಬೇಕಿತ್ತು, ಕೂದಲೆಳೆಯಲ್ಲಿ ತಪ್ಪಿದೆ.

ಹೀಗೆ ಒಂಟಿಯಾಗಿದ್ದುದರಿಂದಲೇ ಅಲ್ಲಿನವರಿಗೆ ಅವರದೇ ಒಂದು ಭಾಷೆ ಉಳಿದುಕೊಂಡಿತ್ತು. ಆ ಭಾಷೆಯಲ್ಲಿ ನಾಡಿನ ಹೆಸರು ಕೆರ್ನೊ. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಆ ಭಾಷೆ ಜನರ ಬಾಯಿಂದ ಮರೆಯಾಯಿತು. ಆದರೆ ಊರುಗಳ ಹೆಸರಿನಲ್ಲಿ ಬೇರುಬಿಟ್ಟಿತ್ತು. ನಮ್ಮಲ್ಲಿ ಹಳ್ಳಿ, ಕೆರೆ, ಪುರ ಎಂದು ಊರ ಹೆಸರು ಮುಗಿಯುವಂತೆ ಅಲ್ಲಿ ‘ಟ್ರೆ’ ಎಂದು ಶುರುವಾದರೆ ಒಕ್ಕಲುಮನೆಯ ಜಾಗ, ‘ಪೊಲ್’ ಎಂದರೆ ಕೊಳ, ‘ಪೆನ್’ ಎಂದರೆ ತಲೆ ಅಥವಾ ತುದಿ. ಕಳೆದ ಶತಮಾನದಲ್ಲಿ ಜನ ಹಳೆಯ ಬರಹಗಳನ್ನು ಹುಡುಕಿ ಆ ಭಾಷೆಯನ್ನು ಮತ್ತೆ ಕಲಿತರು. ಈಗ ಅಲ್ಲಿನ ಕೆಲವು ಮಕ್ಕಳು ಅದರಲ್ಲಿ ಹಾಡುತ್ತಾರೆ. ಹೋದ ಭಾಷೆಯನ್ನು ಕೈಹಿಡಿದು ಮನೆಗೆ ಕರೆತಂದ ಆ ಜನರನ್ನು ಕಂಡರೆ ನನಗೆ ತುಂಬ ಗೌರವ.

ಈಗ ಕಲ್ಲಿನ ವಿಷಯ. ಸುಮಾರು 29 ಕೋಟಿ ವರ್ಷಗಳ ಹಿಂದಿನ ಮಾತು. ಡೈನೋಸಾರ್‌ಗಳು ಇನ್ನೂ ಹುಟ್ಟಿರಲಿಲ್ಲ. ಎರಡು ಭೂಖಂಡಗಳು ನಿಧಾನವಾಗಿ ಗುದ್ದಿಕೊಂಡು ನೆಲ ಮಡಿಕೆ ಮಡಿಕೆಯಾಗಿ ದಪ್ಪವಾಗಿತ್ತು. ಆಳದಲ್ಲಿ ಕಲ್ಲು ಕರಗಿ ಪಾಕವಾಯಿತು. ಪಾಕ ಮೇಲಕ್ಕೆದ್ದಿತು. ಆದರೆ ಹೊರಗೆ ಬರದೆ, ಕೆಲವು ಕಿಲೋಮೀಟರ್ ಕೆಳಗೇ ಸಿಕ್ಕಿಕೊಂಡು ತಣಿಯತೊಡಗಿತು. ಲಕ್ಷಾಂತರ ವರ್ಷ ತಣಿಯಿತು.

ಕಲ್ಲುಸಕ್ಕರೆ ಹೇಗಾಗುತ್ತದೆ ಗೊತ್ತಲ್ಲ? ಸಕ್ಕರೆಪಾಕದಲ್ಲಿ ದಾರ ಇಳಿಬಿಟ್ಟು, ಅಲ್ಲಾಡಿಸದೆ ದಿನಗಟ್ಟಲೆ ಇಟ್ಟರೆ ದೊಡ್ಡ ದೊಡ್ಡ ಹರಳು ಕೂರುತ್ತವೆ. ಅದೇ ಪಾಕವನ್ನು ಬೇಗ ಆರಿಸಿ ಕಲಕಿದರೆ ಪುಡಿಪುಡಿ. ಕಲ್ಲಿಗೂ ಅದೇ ನಿಯಮ. ಜ್ವಾಲಾಮುಖಿಯಿಂದ ಉಕ್ಕಿ ಗಾಳಿಗೆ ಬಿದ್ದು ಬೇಗ ಆರಿದ ಕಲ್ಲಿನಲ್ಲಿ ಹರಳು ಕಣ್ಣಿಗೇ ಕಾಣದು. ಗ್ರಾನೈಟಿನ ಹರಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿದ್ದರೆ, ಅದು ನಿಧಾನವಾಗಿ ತಣಿದಿದೆ ಎಂದರ್ಥ. ಮೇಲಿನ ಮಣ್ಣು ಕಲ್ಲೆಲ್ಲ ಮಳೆಗಾಳಿಗೆ ಸವೆದು ಹೋದಮೇಲೆ ಆ ಗ್ರಾನೈಟಿನ ನೆತ್ತಿಗಳು ಅಲ್ಲಲ್ಲಿ ಹೊರಬಂದವು. ಕಾರ್ನ್‌ವಾಲ್‌ನ ಬಾಡ್ಮಿನ್ ಬಯಲಿನ ಎತ್ತರದ ಗುಡ್ಡ, ಪಶ್ಚಿಮದ ಕೊನೆಯ ಬಂಡೆಗಳು, ಆಚೆ ಕಡಲಿನಲ್ಲಿರುವ ಸಿಲಿ ದ್ವೀಪಗಳು ಎಲ್ಲವೂ ಒಂದೇ ಗ್ರಾನೈಟ್ ರಾಶಿಯ ನೆತ್ತಿಗಳು. ತಳದಲ್ಲಿ ಅವೆಲ್ಲ ಕೂಡಿಕೊಂಡಿವೆ.

ಇನ್ನು ತವರ ಎಲ್ಲಿಂದ ಬಂತು? ಮದುವೆ ಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಮೊದಲ ಪಂಕ್ತಿಯಲ್ಲಿ ಎಲೆ ಸಿಗದವರು ಬಾಗಿಲ ಬಳಿ ಕಾಯುತ್ತ ನಿಲ್ಲುತ್ತಾರಲ್ಲ, ಹಾಗೆ. ಪಾಕ ತಣಿಯುವಾಗ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕಗಳ ಹರಳು ಕೂರುತ್ತ ಹೋದವು. ಆ ಹರಳುಗಳ ಜೋಡಣೆಯೊಳಗೆ ಹೊಂದದ ಧಾತುಗಳು ಕೆಲವಿದ್ದವು: ತವರ, ಟಂಗ್‌ಸ್ಟನ್, ಬೋರಾನ್, ಲಿಥಿಯಂ. ಇವು ಜಾಗ ಸಿಗದೆ ಕೊನೆಗೆ ಉಳಿದ ಬಿಸಿ ರಸದಲ್ಲಿ ಗುಂಪುಗೂಡಿದವು. ಕಲ್ಲು ಗಟ್ಟಿಯಾಗಿ ಬಿರುಕು ಬಿಟ್ಟಾಗ ಆ ಬಿಸಿನೀರಿನಂಥ ರಸ ಬಿರುಕುಗಳಿಗೆ ನುಗ್ಗಿ, ಮೇಲೇರುತ್ತ ತಣ್ಣಗಾಗುತ್ತ ತನ್ನೊಳಗಿನದನ್ನು ಗೋಡೆಗೆ ಅಂಟಿಸುತ್ತ ಹೋಯಿತು. ತವರದ ಅದಿರು ಹೆಚ್ಚು ಬಿಸಿಯಲ್ಲೇ, ಅಂದರೆ ಆಳದಲ್ಲೇ ಕೂತಿತು. ತಾಮ್ರದ ಅದಿರು ಸ್ವಲ್ಪ ತಣ್ಣಗಾದ ಮೇಲೆ, ಇನ್ನೂ ಮೇಲಿನ ಮಟ್ಟದಲ್ಲಿ. ಇದು ಎಷ್ಟು ನಿಜವೆಂದರೆ, ಡಾಲ್ಕೊಥ್ ಎಂಬ ಹೆಸರಾಂತ ಗಣಿಯಲ್ಲಿ ಮೊದಲು ತಾಮ್ರ ತೋಡಿದರು. ತಾಮ್ರ ಮುಗಿಯುತ್ತ ಬಂತು, ಗಣಿ ಮುಚ್ಚಬೇಕೇನೋ ಅನ್ನುವಾಗ ಇನ್ನೂ ಕೆಳಗೆ ಹೋಗಿ ನೋಡಿದರೆ ತವರ! ಆ ಗಣಿ ಕೊನೆಗೆ 900 ಮೀಟರಿಗೂ ಆಳಕ್ಕೆ ಇಳಿಯಿತು.

ತವರ ನಿಮಗೆ ಹೊಸದಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರ ಬಗ್ಗೆ ನಿಮ್ಮ ಅಜ್ಜಿಯನ್ನು ಕೇಳಿ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬೆಳ್ಳಿಯಂಥ ಒಂದು ಕಡ್ಡಿಯನ್ನು ಸೋಕಿಸಿ ಬಟ್ಟೆಯಿಂದ ಒರೆಸಿದರೆ ಒಳಮೈ ಹೊಳೆಯುತ್ತಿತ್ತು. ಆ ಕಡ್ಡಿ ತವರ. 232 ಡಿಗ್ರಿ ಬಿಸಿಗೇ ಕರಗುತ್ತದೆ, ಹುಣಸೆಹುಳಿಗೆ ಹೆದರುವುದಿಲ್ಲ.

ತಾಮ್ರಕ್ಕೆ ತವರ ಬೆರೆಸಿದರೆ ಕಂಚು. ಒಂಬತ್ತು ಪಾಲು ತಾಮ್ರಕ್ಕೆ ಒಂದು ಪಾಲು ತವರ ಸಾಕು. ಎರಡೂ ಮೆತ್ತನೆಯ ಲೋಹಗಳೇ, ಕೂಡಿದರೆ ಮಾತ್ರ ಗಟ್ಟಿ. ಅದು ಹೇಗೆ? ಒಂದೇ ಅಳತೆಯ ಗೋಲಿಗಳ ಪದರ ಮಾಡಿ ತಳ್ಳಿದರೆ ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ನಡುನಡುವೆ ಅಲ್ಲೊಂದು ಇಲ್ಲೊಂದು ದಪ್ಪ ಗೋಲಿ ಸೇರಿಸಿ ನೋಡಿ, ಜಾರುವುದು ನಿಲ್ಲುತ್ತದೆ. ತಾಮ್ರದ ಪರಮಾಣುಗಳ ನಡುವೆ ತವರದ ದಪ್ಪ ಪರಮಾಣು ಮಾಡುವುದು ಅದನ್ನೇ. ಕಂಚಿನ ಯುಗ ಎಂದು ಪಾಠದಲ್ಲಿ ಓದುತ್ತೀರಲ್ಲ, ಆ ಕಾಲದ ಕತ್ತಿ ಕೊಡಲಿಗಳ ಗಟ್ಟಿತನ ಇದರಿಂದ ಬಂದದ್ದು. ತಾಮ್ರ ಬಹಳ ಕಡೆ ಸಿಗುತ್ತಿತ್ತು. ತವರ ಸಿಗುವ ಜಾಗಗಳೋ ಬೆರಳೆಣಿಕೆಯವು. ಅದರಲ್ಲೊಂದು ಈ ದೂರದ ಮೂಲೆ.

ಮೊದಮೊದಲು ಯಾರೂ ಗಣಿ ತೋಡಲಿಲ್ಲ. ಮಳೆಗೆ ಸವೆದ ಬೆಟ್ಟದಿಂದ ತವರದ ಅದಿರಿನ ಕಪ್ಪು ಕಣಗಳು ಹಳ್ಳಕ್ಕೆ ಇಳಿದು ಮರಳಿನಲ್ಲಿ ಸೇರಿದ್ದವು. ಅಕ್ಕಿ ಜಾಲಿಸಿ ಕಲ್ಲು ತೆಗೆಯುವ ಹಾಗೆ ಮರಳನ್ನು ನೀರಿನಲ್ಲಿ ಜಾಲಿಸಿದರೆ ಅದಿರು ತಳದಲ್ಲಿ ನಿಲ್ಲುತ್ತಿತ್ತು. ಮರಳಿನ ಕಣಕ್ಕಿಂತ ಅದು ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಇದನ್ನು ನೀವೂ ಮಾಡಿ ನೋಡಬಹುದು. ಹಿಡಿ ಮರಳಿಗೆ ಚಮಚದಷ್ಟು ಕಬ್ಬಿಣದ ಪುಡಿ ಬೆರೆಸಿ. ಕಬ್ಬಿಣವೂ ತವರದ ಅದಿರೂ ಭಾರದಲ್ಲಿ ಹತ್ತಿರ ಹತ್ತಿರ. ಅಗಲದ ತಟ್ಟೆಯಲ್ಲಿ ನೀರು ಹಾಕಿ ಮೆಲ್ಲಗೆ ತಿರುಗಿಸುತ್ತ, ಅಂಚಿನಿಂದ ನೀರು ಮರಳು ಚೆಲ್ಲುತ್ತ ಬನ್ನಿ. ಅವಸರ ಮಾಡಬೇಡಿ. ಕೊನೆಗೆ ತಟ್ಟೆಯ ಮೂಲೆಯಲ್ಲಿ ಕಪ್ಪಗೆ ಒಂದು ಗೆರೆ ಉಳಿಯುತ್ತದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಕಾರ್ನ್‌ವಾಲ್‌ನ ಹಳ್ಳದ ದಂಡೆಯಲ್ಲಿ ಕೂತವರು ಕಾಯುತ್ತಿದ್ದುದು ಆ ಗೆರೆಗಾಗಿ.

ಈ ತವರ ಎಷ್ಟು ದೂರ ಹೋಗಿತ್ತು ಗೊತ್ತೇ? ಇಸ್ರೇಲ್ ಕರಾವಳಿಯಲ್ಲಿ ಮುಳುಗಿದ ಹಡಗುಗಳಿಂದ ಸಿಕ್ಕ, ಸುಮಾರು 3,300 ವರ್ಷ ಹಳೆಯ ತವರದ ಗಟ್ಟಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಅವುಗಳ ಗುರುತು ಕಾರ್ನ್‌ವಾಲ್ ಕಡೆಯ ತವರಕ್ಕೆ ಹೊಂದುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಡಯೊಡೋರಸ್ ಎಂಬ ಗ್ರೀಕ್ ಇತಿಹಾಸಕಾರನೂ ಇಲ್ಲಿನ ಜನರ ಬಗ್ಗೆ ಬರೆದಿದ್ದಾನೆ. ಕಡಲಿನ ನೀರು ಇಳಿದಾಗ ಅವರು ತವರವನ್ನು ಗಾಡಿಯಲ್ಲಿ ಹೇರಿಕೊಂಡು ಒಂದು ದ್ವೀಪಕ್ಕೆ ಒಯ್ದು ವ್ಯಾಪಾರಿಗಳಿಗೆ ಮಾರುತ್ತಿದ್ದರಂತೆ. ಅದು ಸೇಂಟ್ ಮೈಕೇಲ್ಸ್ ಮೌಂಟ್ ಎಂಬ ಗುಡ್ಡದ್ವೀಪ ಇರಬಹುದು ಎಂದು ಬಹಳ ಜನ ಭಾವಿಸುತ್ತಾರೆ. ಈಗಲೂ ಇಳಿತದ ಹೊತ್ತಿಗೆ ಅಲ್ಲಿಗೆ ನಡೆದೇ ಹೋಗಬಹುದು. ಭರತ ಬಂದರೆ ದಾರಿ ಮುಳುಗುತ್ತದೆ, ದೋಣಿಯೇ ಗತಿ.

ಹಳ್ಳದ ಅದಿರು ಮುಗಿದ ಮೇಲೆ ಜನ ಬೆಟ್ಟದೊಳಗಿನ ಬಿರುಕುಗಳನ್ನು ಹಿಂಬಾಲಿಸಿ ಕೆಳಗಿಳಿದರು. ಅಲ್ಲಿ ಎದುರಾದ ವೈರಿ ನೀರು. ಬಾವಿ ತೋಡಿದರೆ ನೀರು ಬಂದೇ ಬರುತ್ತದಲ್ಲವೇ? ಗಣಿ ಎಂದರೆ ನೀರು ಬೇಡವಾದ ಬಾವಿ. ಕೆಲವು ಗಣಿಗಳಂತೂ ದಡದಿಂದ ಶುರುವಾಗಿ ಕಡಲಿನ ತಳದ ಕೆಳಗೇ ಹೋಗಿದ್ದವು. ಬಿರುಗಾಳಿಯ ದಿನ ತಲೆಯ ಮೇಲೆ ಅಲೆಗಳು ಬಂಡೆಗಳನ್ನು ಉರುಳಿಸುವ ಸದ್ದು ಬೊಟಾಲಕ್ ಗಣಿಯ ಕೆಲಸಗಾರರಿಗೆ ಒಳಗೆ ಕೇಳಿಸುತ್ತಿತ್ತು.

ನೀರೆತ್ತಲು ಯಂತ್ರ ಬೇಕಾಯಿತು. ಪಕ್ಕದ ಡೆವನ್ ಕೌಂಟಿಯ ಥಾಮಸ್ ನ್ಯೂಕೊಮೆನ್ 1712ರಲ್ಲಿ ಉಗಿಯಂತ್ರವೊಂದನ್ನು ಓಡಿಸಿ ತೋರಿಸಿದ. ಕೊಳವೆಯೊಳಗೆ ಉಗಿ ತುಂಬಿಸುವುದು, ತಣ್ಣೀರು ಚಿಮುಕಿಸಿ ಆ ಉಗಿಯನ್ನು ಹನಿ ಮಾಡುವುದು. ಒಳಗೆ ಜಾಗ ಖಾಲಿಯಾಗುತ್ತದೆ, ಹೊರಗಿನ ಗಾಳಿಯ ಒತ್ತಡ ಕೊಂತವನ್ನು, ಅಂದರೆ ಪಿಸ್ಟನ್ನನ್ನು, ಕೆಳಕ್ಕೆ ಅದುಮುತ್ತದೆ. ದೊಡ್ಡವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಾಟಲಿಗೆ ಬಿಸಿನೀರು ಹಾಕಿಸಿ, ಚೆಲ್ಲಿಸಿ, ತಕ್ಷಣ ಮುಚ್ಚಳ ಬಿಗಿಸಿ ತಣ್ಣೀರಿನ ಕೆಳಗೆ ಹಿಡಿಯಿರಿ. ಬಾಟಲಿ ನಿಮ್ಮ ಕಣ್ಣೆದುರೇ ಕುಗ್ಗುತ್ತದೆ. ಅದನ್ನು ಅದುಮಿದ್ದು ಗಾಳಿ.

ಆದರೆ ಕಾರ್ನ್‌ವಾಲ್‌ಗೆ ಒಂದು ದೊಡ್ಡ ಕೊರತೆ ಇತ್ತು. ಅಲ್ಲಿ ಕಲ್ಲಿದ್ದಲು ಇಲ್ಲ. ಒಂದೊಂದು ಬುಟ್ಟಿ ಇದ್ದಲೂ ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕು. ನ್ಯೂಕೊಮೆನ್ ಯಂತ್ರವೋ ಬಕಾಸುರ. ಯಾಕೆಂದರೆ ಒಂದೇ ಕೊಳವೆಯನ್ನು ಪ್ರತಿ ಸಲ ಕಾಯಿಸಬೇಕು, ಪ್ರತಿ ಸಲ ತಣಿಸಬೇಕು. ಒಂದೊಂದು ದೋಸೆಗೂ ಕಾವಲಿಯನ್ನು ಪೂರ್ತಿ ತಣ್ಣಗೆ ಮಾಡಿ ಮತ್ತೆ ಕಾಯಿಸಿದರೆ ಎಷ್ಟು ಸೌದೆ ಬೇಕು, ಯೋಚಿಸಿ! ಜೇಮ್ಸ್ ವಾಟ್ ಉಗಿ ತಣಿಸಲು ಬೇರೆಯೇ ಒಂದು ಪಾತ್ರೆ ಇಟ್ಟ. ಕಾವಲಿ ಸದಾ ಬಿಸಿಯಾಗಿಯೇ ಉಳಿಯಿತು. ಅವನೂ ಅವನ ಪಾಲುದಾರ ಬೋಲ್ಟನ್ನೂ 1777ರಿಂದ ಕಾರ್ನ್‌ವಾಲ್‌ನಲ್ಲಿ ಯಂತ್ರ ನಿಲ್ಲಿಸತೊಡಗಿದರು. ಅವರು ಕೇಳಿದ ಬೆಲೆ ಸ್ವಾರಸ್ಯವಾಗಿದೆ: ಉಳಿತಾಯವಾದ ಇದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು.

ಇದಕ್ಕಿಂತ ನನಗೆ ಇಷ್ಟವಾದದ್ದು ಅಲ್ಲಿನ ಗಣಿಯವರು 1811ರಿಂದ ಮಾಡಿದ ಕೆಲಸ. ಯಾವ ಯಂತ್ರ ಒಂದು ಅಳತೆ ಇದ್ದಲಿಗೆ ಎಷ್ಟು ನೀರೆತ್ತಿತು ಎಂಬುದನ್ನು ಲೆಕ್ಕಹಾಕಿ ತಿಂಗಳು ತಿಂಗಳೂ ಅಚ್ಚುಹಾಕಿಸಿ ಎಲ್ಲರಿಗೂ ತೋರಿಸಿದರು. ಯಾರೂ ಗುಟ್ಟು ಮಾಡಲಿಲ್ಲ. ಒಬ್ಬನ ಯಂತ್ರ ಚೆನ್ನಾಗಿ ನಡೆದರೆ ಪಕ್ಕದ ಗಣಿಯವನು ಹೋಗಿ ನೋಡಿ ಕಲಿತ. ಮೂವತ್ತು ವರ್ಷಗಳಲ್ಲಿ ಅಷ್ಟೇ ಇದ್ದಲಿಗೆ ಸುಮಾರು ಮೂರು ಪಟ್ಟು ಕೆಲಸ ಬಂತು. ಇದ್ದಲಿಲ್ಲದ ಊರು ಇದ್ದಲನ್ನು ಮಿತವಾಗಿ ಬಳಸುವುದನ್ನು ಲೋಕಕ್ಕೆ ಕಲಿಸಿತು.

ಈ ಗಣಿಗಳ ನಡುವೆಯೇ 1771ರಲ್ಲಿ ಹುಟ್ಟಿದವನು ರಿಚರ್ಡ್ ಟ್ರೆವಿಥಿಕ್. ಅವನ ಅಪ್ಪ ಗಣಿಯ ಮೇಲ್ವಿಚಾರಕ. ಗಾಳಿಯ ಒತ್ತಡ ನಂಬಿ ಕೂರುವುದೇಕೆ, ಉಗಿಯನ್ನೇ ಬಿಗಿಯಾಗಿ ಅದುಮಿಟ್ಟು ಅದರ ಬಲದಿಂದ ತಳ್ಳಿಸಿದರೆ ಯಂತ್ರ ಚಿಕ್ಕದಾಗುತ್ತದಲ್ಲ ಎಂದು ಅವನು ಹೊರಟ. ಚಿಕ್ಕದಾದರೆ ಗಾಲಿಯ ಮೇಲೂ ಕೂರಿಸಬಹುದು! 1801ರ ಡಿಸೆಂಬರ್ 24ರಂದು ಕ್ಯಾಂಬೋರ್ನ್ ಊರಿನ ದಿಣ್ಣೆಯನ್ನು ಅವನ ಉಗಿಬಂಡಿ ಜನರನ್ನು ಹೊತ್ತು ಹತ್ತಿತು. ಕೆಲವೇ ದಿನಗಳಲ್ಲಿ ಅದನ್ನು ಒಂದು ಕಡೆ ನಿಲ್ಲಿಸಿ ಎಲ್ಲರೂ ಊಟಕ್ಕೆ ಹೋದಾಗ ಒಲೆಯ ಬೆಂಕಿ ಆರಿಸಲು ಮರೆತರು. ನೀರು ಬತ್ತಿತು, ಬಂಡಿ ಸುಟ್ಟುಹೋಯಿತು. ಅವನು ಕೈಕಟ್ಟಿ ಕೂರಲಿಲ್ಲ. 1804ರಲ್ಲಿ ವೇಲ್ಸ್‌ನಲ್ಲಿ ಅವನ ಯಂತ್ರ ಹಳಿಯ ಮೇಲೆ ಓಡಿತು, ಅದೂ ಕಬ್ಬಿಣ ಹೇರಿದ ಬಂಡಿಗಳನ್ನು ಎಳೆದುಕೊಂಡು. ರೈಲು ಹುಟ್ಟಿದ್ದು ಹೀಗೆ.

ಇಷ್ಟೆಲ್ಲ ಜಾಣತನ ಕಂಡ ಆ ಗಣಿಗಳಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ದುಡಿಯುತ್ತಿದ್ದರು. ಹುಡುಗಿಯರು ಮೇಲೆ ಬಯಲಲ್ಲಿ ಕೂತು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದರು. ಹುಡುಗರು ಒಳಗಿಳಿಯುತ್ತಿದ್ದರು. ಹತ್ತು ವರ್ಷದೊಳಗಿನ ಹುಡುಗರನ್ನು ಗಣಿಗೆ ಇಳಿಸಬಾರದೆಂದು ಕಾನೂನು ಬಂದದ್ದು 1842ರಲ್ಲಿ. ಹತ್ತು ತುಂಬಿದವರ ಗತಿ? ಅವರು ಇಳಿಯುತ್ತಲೇ ಇದ್ದರು. ಕೆಲಸ ಮುಗಿದ ಮೇಲೆ ಬೆವರಿನ ಮೈಯಲ್ಲಿ ನೂರಾರು ಮೀಟರ್ ಏಣಿ ಹತ್ತಿ ಬರಬೇಕು. ಮ್ಯೂಸಿಯಂನಲ್ಲಿಟ್ಟ ಯಂತ್ರಗಳನ್ನು ನೋಡುವಾಗ ನನಗೆ ಆ ಏಣಿಗಳೇ ನೆನಪಾಗುತ್ತವೆ.

ಗ್ರಾನೈಟ್ ಕೊಟ್ಟದ್ದು ತವರ ಒಂದೇ ಅಲ್ಲ. ಫೆಲ್ಡ್‌ಸ್ಪಾರ್ ಎಂದೆನಲ್ಲ, ಅದು ಬಿಸಿನೀರಿಗೆ, ಮಳೆನೀರಿಗೆ ನಿಧಾನವಾಗಿ ಕೊಳೆತು ಬೆಳ್ಳನೆಯ ನುಣುಪು ಮಣ್ಣಾಗುತ್ತದೆ. ಗಟ್ಟಿ ಕಲ್ಲು ಬೆರಳಲ್ಲಿ ಹಿಟ್ಟಾಗುತ್ತದೆ! ಪಿಂಗಾಣಿ ಮಾಡುವುದು ಇದರಿಂದಲೇ. 1740ರ ದಶಕದಲ್ಲಿ ವಿಲಿಯಂ ಕುಕ್‌ವರ್ದಿ ಎಂಬ ಔಷಧಿ ವ್ಯಾಪಾರಿ ಇಲ್ಲಿ ಈ ಮಣ್ಣನ್ನು ಗುರುತಿಸಿದ. ಸೇಂಟ್ ಆಸ್ಟಲ್ ಊರಿನ ಸುತ್ತ ನೀರಿನ ಧಾರೆಯಿಂದ ಗುಡ್ಡ ತೊಳೆದು ಮಣ್ಣು ತೆಗೆದರು. ಪಿಂಗಾಣಿಗಷ್ಟೇ ಅಲ್ಲ, ಕಾಗದಕ್ಕೆ ಹೊಳಪು ಕೊಡಲೂ ಅದೇ ಮಣ್ಣು ಬೇಕು. ಒಂದು ಟನ್ ಮಣ್ಣಿಗೆ ಹಲವು ಟನ್ ಮರಳು ಉಳಿಯುವುದರಿಂದ ಅಲ್ಲಿ ಬಿಳಿ ಬೆಟ್ಟಗಳೇ ಎದ್ದವು. ಮಣ್ಣು ಮುಗಿದ ಒಂದು ಗುಂಡಿಯಲ್ಲಿ 2001ರಲ್ಲಿ ಈಡನ್ ಎಂಬ ದೊಡ್ಡ ತೋಟ ತೆರೆಯಿತು. ಸೋಪಿನ ಗುಳ್ಳೆಗಳನ್ನು ಒತ್ತೊತ್ತಾಗಿ ಇಟ್ಟಂತಿರುವ ಗುಮ್ಮಟಗಳೊಳಗೆ ಬಾಳೆ, ಕೋಕೋ ಎಲ್ಲ ಬೆಳೆಯುತ್ತವೆ.

ಗಣಿಯ ಆಚೆಗೂ ಬದುಕು ಇತ್ತು, ಇದೆ. ಕಡಲಲ್ಲಿ ಮೀನು, ಹುಲ್ಲುಗಾವಲಿನಲ್ಲಿ ಹಸು. ಬೆಚ್ಚಗಿನ ಸಾಗರಪ್ರವಾಹದ ದೆಸೆಯಿಂದ ಚಳಿಗಾಲವೂ ಅಷ್ಟು ಕಡುವಲ್ಲ. ಅದೇ ಅಕ್ಷಾಂಶದಲ್ಲಿರುವ ಕೆನಡಾದ ವಿನಿಪೆಗ್ ಊರು ಹಿಮದಲ್ಲಿ ಹೂತುಹೋಗಿರುವಾಗ ಕಾರ್ನ್‌ವಾಲ್‌ನ ಹೊಲಗಳಲ್ಲಿ ಹಳದಿ ಡ್ಯಾಫೋಡಿಲ್ ಹೂ ಕೊಯ್ಯುತ್ತಿರುತ್ತಾರೆ. ಈಗ ಪ್ರವಾಸಿಗಳೇ ದೊಡ್ಡ ವರಮಾನ. ಆದರೆ ರಜೆಗೆ ಬರುವವರು ಮನೆ ಕೊಳ್ಳುತ್ತ ಹೋದಂತೆ ಅಲ್ಲೇ ಹುಟ್ಟಿದವರಿಗೆ ಮನೆ ಎಟುಕದಂತಾಗಿದೆ. ಇದು ಅಲ್ಲಿನವರ ನಿಜವಾದ ನೋವು.

1866ರ ಹೊತ್ತಿಗೆ ತಾಮ್ರದ ಬೆಲೆ ಬಿತ್ತು. ಬೇರೆ ಖಂಡಗಳಲ್ಲಿ ಅಗ್ಗದ ತಾಮ್ರ ಸಿಕ್ಕಿತ್ತು. ಗಣಿಗಳು ಒಂದಾದ ಮೇಲೊಂದು ಮುಚ್ಚಿದವು. ಕೈಯಲ್ಲಿ ಕಸುಬು, ಊರಲ್ಲಿ ಕೆಲಸವಿಲ್ಲ. ಜನ ಹಡಗು ಹತ್ತಿದರು, ಆಸ್ಟ್ರೇಲಿಯಾಕ್ಕೆ, ಅಮೆರಿಕಕ್ಕೆ, ದಕ್ಷಿಣ ಆಫ್ರಿಕಕ್ಕೆ. ಮೆಕ್ಸಿಕೋದ ಬೆಳ್ಳಿ ಗಣಿಗಳಿಗೆ ಅವರಲ್ಲಿ ಕೆಲವರು ಮೊದಲೇ ಹೋಗಿದ್ದರು. ಗಣಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಪೇಸ್ಟಿ ಎಂಬ ತಿಂಡಿ ಅವರ ಜೊತೆ ಹೋಯಿತು. ನಮ್ಮ ಕರ್ಜಿಕಾಯಿಯಂತೆ ಅಂಚು ಮಡಚಿದ, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ ತುಂಬಿ ಬೇಯಿಸಿದ ತಿಂಡಿ. ಮೆಕ್ಸಿಕೋದ ಪಚೂಕಾ ಸೀಮೆಯಲ್ಲಿ ಇವತ್ತಿಗೂ ‘ಪಾಸ್ತೆ’ ಎಂದು ಅದನ್ನು ಮಾರುತ್ತಾರೆ, ಮೆಣಸಿನಕಾಯಿ ಸೇರಿಸಿ.

ಮತ್ತೆ ಕೆಲವರು ನಮ್ಮ ಕೋಲಾರಕ್ಕೆ ಬಂದರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿನ ಚಿನ್ನದ ಗಣಿಗೆ ಕೈಹಾಕಿತು. ಆ ಕಂಪನಿ ಕಟ್ಟಿದ ಹಿರಿಯ ಟೇಲರ್ ಕಾರ್ನ್‌ವಾಲ್‌ನ ತಾಮ್ರದ ಗಣಿಗಳನ್ನು ನಡೆಸಿದವನು. ಹಾಗಾಗಿ ಮೇಲ್ವಿಚಾರಣೆಗೆ, ಯಂತ್ರ ನೋಡಿಕೊಳ್ಳಲು ಕಾರ್ನ್‌ವಾಲ್‌ನವರನ್ನು ಕರೆಸಿದರು. ಕೋಲಾರದ ಕಲ್ಲು ಕಾರ್ನ್‌ವಾಲ್‌ನ ಕಲ್ಲಿಗಿಂತ ಎಷ್ಟೋ ಪಟ್ಟು ಹಳೆಯದು, ಅದಿರೂ ಬೇರೆ. ಆದರೆ ಬಿರುಕಿನಲ್ಲಿ ಬಿಸಿರಸ ಬಿಟ್ಟುಹೋದ ಗೆರೆಯನ್ನು ಹಿಡಿದು ಕೆಳಗಿಳಿಯುವ ವಿದ್ಯೆ ಒಂದೇ. ನೆಲದಡಿ ಜೀವ ಪಣಕ್ಕಿಟ್ಟು ದುಡಿದ ಬಹುಪಾಲು ಜನ ಮಾತ್ರ ನಮ್ಮವರು, ತಮಿಳು, ತೆಲುಗು, ಕನ್ನಡ ಮಾತಾಡುವ ಕೂಲಿಕಾರರು. ನಾವು ಕೆ.ಜಿ.ಎಫ್. ಎನ್ನುವ ಆ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಸುಮಾರು 150 ಕಿಲೋಮೀಟರ್ ದೂರ ತಂತಿ ಎಳೆದು ಅಲ್ಲಿಗೆ ವಿದ್ಯುತ್ ಕೊಟ್ಟರು. ಕಾರ್ನ್‌ವಾಲ್‌ಗೆ ಹಡಗಿನಲ್ಲಿ ಇದ್ದಲು ಬಂದಂತೆ ಕೋಲಾರಕ್ಕೆ ತಂತಿಯಲ್ಲಿ ಕಾವೇರಿ ಬಂದಳು.

ಕಾರ್ನ್‌ವಾಲ್‌ನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು. ಕೋಲಾರದ ಗಣಿ 2001ರಲ್ಲಿ. ಪಂಪು ನಿಂತ ದಿನದಿಂದ ಎರಡೂ ಕಡೆ ನೀರು ಮೆಲ್ಲಗೆ ಮೇಲೇರಿ ಸುರಂಗಗಳನ್ನು ತುಂಬಿತು.

ಕಾರ್ನ್‌ವಾಲ್‌ನ ಗ್ರಾನೈಟ್ ಮಾತ್ರ ಒಳಗೆ ಇನ್ನೂ ಬೆಚ್ಚಗಿದೆ. 29 ಕೋಟಿ ವರ್ಷದ ಹಿಂದಿನ ಬಿಸಿ ಅಲ್ಲ ಅದು, ಆ ಬಿಸಿ ಎಂದೋ ಆರಿಹೋಯಿತು. ಈ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಕೂಡ ಚೂರುಚೂರು ಸೇರಿಕೊಂಡಿವೆ. ಅವುಗಳ ಪರಮಾಣುಗಳು ಒಂದೊಂದಾಗಿ ಒಡೆಯುತ್ತ ಕಲ್ಲನ್ನು ಒಳಗಿನಿಂದ ಕಾಯಿಸುತ್ತಿವೆ. ಕಾರ್ನ್‌ವಾಲ್‌ನ ಯುನೈಟೆಡ್ ಡೌನ್ಸ್ ಎಂಬಲ್ಲಿ ಐದು ಕಿಲೋಮೀಟರಿಗೂ ಆಳದ ಕೊಳವೆಬಾವಿ ಕೊರೆದದ್ದು ಆ ಬಿಸಿಯನ್ನು ಮೇಲೆ ತರಲೆಂದೇ. ಆಳದ ಆ ಬಿಸಿನೀರಿನಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ ಕರಗಿದೆ. ಪಂಕ್ತಿಯಲ್ಲಿ ಜಾಗ ಸಿಗದೆ ಉಳಿದಿತ್ತಲ್ಲ, ಅದೇ ಲಿಥಿಯಂ.

ತವರಕ್ಕೂ ಮತ್ತೆ ಬೇಡಿಕೆ ಬಂದಿದೆ. ಫೋನು, ಟಿ.ವಿ.ಗಳ ಒಳಗಿನ ಚಿಕ್ಕ ಚಿಕ್ಕ ಬೆಸುಗೆಗಳಿಗೆ ತವರವೇ ಬೇಕು. ಸೌತ್ ಕ್ರಾಫ್ಟಿಯನ್ನು ಮತ್ತೆ ತೆರೆಯಬೇಕೆಂದು 2023ರಲ್ಲಿ ಅಲ್ಲಿ ನೀರೆತ್ತಲು ಶುರುಮಾಡಿದರು. ಉಗಿಯ ಬದಲು ವಿದ್ಯುತ್ತಿನ ಪಂಪು, ಕೆಲಸ ಮಾತ್ರ ಹಳೆಯದೇ. ಹತ್ತಿರದಲ್ಲಿ ಒಂದು ಹೊಳೆ ಇದೆ. ಗಣಿಗಳ ಕೆಸರು ಹರಿದು ಹರಿದು ನೀರೆಲ್ಲ ಕೆಂಪಾಗಿ ಅದಕ್ಕೆ ಕೆಂಪುಹೊಳೆ ಎಂದೇ ಹೆಸರು ಬಿದ್ದಿತ್ತು. ಗಣಿಯಿಂದ ಮೇಲೆತ್ತಿದ ನೀರನ್ನು ಈಗ ಮೊದಲು ಶುದ್ಧ ಮಾಡಿ, ಆಮೇಲೆ ಆ ಹೊಳೆಗೆ ಬಿಡುತ್ತಾರೆ.